ಗಾಳಿ, ಪರಾಗ ಮತ್ತು ಪೊದ್ದಾರ: ನೌಗಾಂವ್‌ನ ಗಾಂಜಾ ಬೇಸಾಯದ ಇತಿಹಾಸ

ಬಂಗಾಳದ ರಾಜಶಾಹಿ, ದಿನಾಜ್‌ಪುರ ಮತ್ತು ಬೊಗ್ರಾ ಜಿಲ್ಲೆಗಳು ಕೂಡುವ ಎಡೆಯಲ್ಲಿ, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ನೌಗಾಂವ್ ಪಟ್ಟಣದ ಸುತ್ತಲ ಹಳ್ಳಿಗಳನ್ನು ಬ್ರಿಟಿಷರ ಕಾಲದ ಕಡತಗಳು ‘ಗಾಂಜಾ ಮಹಲ್’ ಎಂಬ ಹೆಸರಿನಿಂದ ಗುರುತಿಸಿವೆ. ಕಂದಾಯದ ಲೆಕ್ಕಕ್ಕಾಗಿ ಗಡಿ ಹಾಕಿದ ಪ್ರದೇಶವನ್ನು ಮಹಲ್ ಎನ್ನುತ್ತಿದ್ದ ಕಾಲ ಅದು. ಬಂಗಾಳ ಪ್ರಾಂತ್ಯಕ್ಕೆ ಬೇಕಾದ ಗಾಂಜಾವನ್ನು ಪರವಾನಗಿ ಪಡೆದ ರೈತರು ಇಲ್ಲಿಯೇ ಬೆಳೆದು, ಇಲ್ಲಿಯೇ ಹದಗೊಳಿಸಿ, ಸರ್ಕಾರದ ಉಗ್ರಾಣಕ್ಕೆ ತುಂಬುತ್ತಿದ್ದರು. ಈ ಬೇಸಾಯದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಅಬಕಾರಿ ಆದಾಯವನ್ನೋ ಅಮಲಿನ ಕೆಡುಕನ್ನೋ ಕುರಿತು ಬರೆದರೇ ಹೊರತು, ಅದನ್ನು ಒಕ್ಕಲುತನದ ಒಂದು ಕಸುಬಾಗಿ ನೋಡಿದವರು ವಿರಳ. ಹಾಗೆ ನೋಡಿದಾಗ ಅದರ ನಡುವೆ ನಿಲ್ಲುವುದು ರೈತನಿಗೂ ಗಾಳಿಗೂ ನಡುವಿನ ಬಹುಕಾಲದ ಸೆಣಸಾಟ.

ಗಾಂಜಾ ಗಿಡದಲ್ಲಿ ಗಂಡು ಹೂವೂ ಹೆಣ್ಣು ಹೂವೂ ಸಾಮಾನ್ಯವಾಗಿ ಬೇರೆ ಬೇರೆ ಗಿಡಗಳಲ್ಲಿ ಬಿಡುತ್ತವೆ. ನಮ್ಮ ಹಿತ್ತಿಲಿನ ಪಪ್ಪಾಯಿಯಲ್ಲಿ ಗಂಡು ಮರ ಬೇರೆ, ಕಾಯಿ ಬಿಡುವ ಮರ ಬೇರೆ ಇರುವಂತೆಯೇ ಇದು. ಆದರೆ ಗಾಂಜಾದ ಪರಾಗವನ್ನು ಹೊತ್ತೊಯ್ಯುವುದು ಮುಖ್ಯವಾಗಿ ಗಾಳಿ. ಹೆಣ್ಣು ಹೂಗೊಂಚಲಿಗೆ ಪರಾಗ ತಾಗಿದರೆ ಗಿಡ ಬೀಜ ಕಟ್ಟತೊಡಗುತ್ತದೆ, ತಾಗದಿದ್ದರೆ ಗೊಂಚಲು ಬೆಳೆಯುತ್ತಲೇ ಹೋಗಿ ಅಂಟುರಾಳ ಹೆಚ್ಚುತ್ತದೆ. ಬೀಜವಿಲ್ಲದ, ರಾಳ ತುಂಬಿದ ಈ ಹೂತೆನೆಯೇ ಮಾರುಕಟ್ಟೆಯ ಗಾಂಜಾ. 1753ರಲ್ಲಿ ಲಿನ್ನೇಯಸ್ ಈ ಸಸ್ಯಕ್ಕೆ ಕ್ಯಾನಬಿಸ್ ಸಟೈವಾ ಎಂದು ಹೆಸರಿಟ್ಟನು. 1785ರಲ್ಲಿ ಲಮಾರ್ಕ್ ಭಾರತದಿಂದ ಹೋದ ಮಾದರಿಗಳನ್ನು ನೋಡಿ ಕ್ಯಾನಬಿಸ್ ಇಂಡಿಕಾ ಎಂಬ ಇನ್ನೊಂದು ಜಾತಿಯನ್ನು ಬೇರ್ಪಡಿಸಿದನು. ಇಂದಿನ ಬೆಳೆಗಾರರು ಎತ್ತರಕ್ಕೆ ಬೆಳೆದು, ಎಲೆಯ ಸೀಳು ಸಪೂರವಾಗಿದ್ದು, ತಡವಾಗಿ ಹೂ ಬಿಡುವ ಉಷ್ಣವಲಯದ ತಳಿಗಳನ್ನು ಸಟೈವಾ ಎಂದು ಕರೆಯುವುದು ರೂಢಿಯಾಗಿದ್ದು, ಬಂಗಾಳದ ಬಯಲಿನ ಗಿಡವೂ ಅದೇ ಬಗೆಯದು.

ಇಷ್ಟು ಎತ್ತರಕ್ಕೆ ಏಳುವ, ಹೂವಿಗೆ ತಿಂಗಳುಗಟ್ಟಲೆ ಕಾಯಿಸುವ ಗಿಡವನ್ನು ಬಟ್ಟ ಬಯಲಿನಲ್ಲಿ ಉಳಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಮಳೆಗಾಲದಲ್ಲಿ ಒಟ್ಟುಪಾತಿಯಲ್ಲಿ ಬಿತ್ತಿದ ಸಸಿಗಳನ್ನು ಸೆಪ್ಟೆಂಬರ್ ಹೊತ್ತಿಗೆ ಕಿತ್ತು, ಚೆನ್ನಾಗಿ ಉತ್ತು ಬದು ಏರಿಸಿದ ಹೊಲದಲ್ಲಿ ನೆಡುತ್ತಿದ್ದರು. ಗಿಡ ಬೇರು ಹಿಡಿದ ಮೇಲೆ ಕೆಳಗಿನ ರೆಂಬೆಗಳನ್ನು ಸವರಿ, ಬದುಗಳನ್ನು ಬಿಡಿಸಿ, ಹಿಂಡಿ ಮತ್ತು ಸಗಣಿ ಗೊಬ್ಬರ ಹಾಕಿ, ಮತ್ತೆ ಬುಡಕ್ಕೆ ಮಣ್ಣು ಏರಿಸುತ್ತಿದ್ದರು. ಬುಡದ ಈ ಮಣ್ಣು ಬೇರಿಗೆ ಆಹಾರವನ್ನೂ ಕಾಂಡಕ್ಕೆ ಆಸರೆಯನ್ನೂ ಒಟ್ಟಿಗೆ ಕೊಡುತ್ತಿತ್ತು. ಮುಂಗಾರಿನ ಅಬ್ಬರ ಇಳಿದ ಮೇಲೆ ನಾಟಿಯಾಗಿ, ಚಳಿಗಾಲದ ಒಣ ಹವೆಯಲ್ಲಿ ಹೂವೇರಿ, ಕಾಲ್‌ಬೈಶಾಖಿ ಎಂದು ಬಂಗಾಳಿಗಳು ಕರೆಯುವ ಏಪ್ರಿಲ್-ಮೇ ತಿಂಗಳ ಬಿರುಗಾಳಿಗೆ ಮೊದಲೇ ಕೊಯ್ಲು ಮುಗಿಯುತ್ತಿದ್ದುದರಿಂದ, ಬೀಸುಗಾಳಿಯ ದೊಡ್ಡ ಹೊಡೆತದಿಂದ ಬೆಳೆ ಪಾರಾಗುತ್ತಿತ್ತು. ಆದರೆ ಗಿಡ ಮುರಿಯುವ ಬಿರುಗಾಳಿಗಿಂತ, ಪರಾಗ ಹೊತ್ತು ಬರುವ ಮಂದಗಾಳಿಗೇ ರೈತ ಹೆಚ್ಚು ಅಂಜಬೇಕಿತ್ತು.

ಆ ಭಯಕ್ಕೆ ಗಾಂಜಾ ಮಹಲ್ ಕಂಡುಕೊಂಡ ಉತ್ತರವೇ ‘ಪೊದ್ದಾರ’ ಅಥವಾ ‘ಪರಖ್‌ದಾರ’ ಎಂಬ ಪರೀಕ್ಷಕ. ನವೆಂಬರ್ ಸುಮಾರಿಗೆ, ಹೂ ಇನ್ನೂ ಅರಳದೆ ಮೊಗ್ಗು ಸರಿಯಾಗಿ ರೂಪುಗೊಳ್ಳುವ ಮೊದಲೇ, ಆತ ಕೂಲಿ ಪಡೆದು ಹೊಲಕ್ಕಿಳಿಯುತ್ತಿದ್ದನು. ಬದುವಿನ ಗುಂಟ ನಡೆಯುತ್ತ ಒಂದೊಂದೇ ಗಿಡವನ್ನು ಪರೀಕ್ಷಿಸಿ, ಗಂಡೆಂದು ಕಂಡದ್ದನ್ನು ತೆಗೆದುಹಾಕುತ್ತ ಹೋಗುವುದು ಅವನ ಕೆಲಸ. ಅವನ ಕಣ್ಣಿಗೆ ತಪ್ಪಿದ ಗಿಡಗಳೂ, ಹೆಣ್ಣು ಗಿಡದಲ್ಲಿಯೇ ಅಲ್ಲಲ್ಲಿ ಮೂಡುವ ಗಂಡು ಹೂಗಳೂ ಇರುತ್ತಿದ್ದುದರಿಂದ ಪೊದ್ದಾರ ಹೋದ ಮೇಲೆ ರೈತನೇ ಮತ್ತೆ ಮತ್ತೆ ಹೊಲ ಸುತ್ತಬೇಕಾಗುತ್ತಿತ್ತು. ಒಬ್ಬನ ಹೊಲದಲ್ಲಿ ಉಳಿದ ಗಂಡು ಗಿಡ ಗಾಳಿ ಬೀಸಿದ ದಿಕ್ಕಿನ ಹೊಲಗಳನ್ನೆಲ್ಲ ಕೆಡಿಸಬಲ್ಲದಾದ್ದರಿಂದ, ಇದು ಒಬ್ಬೊಬ್ಬನ ಜಾಗರೂಕತೆಗೆ ಬಿಟ್ಟ ವಿಷಯವಾಗಿರದೆ ಇಡೀ ಸೀಮೆಯೇ ಪಾಲಿಸಬೇಕಾದ ಶಿಸ್ತಾಗಿತ್ತು. ಈ ಪರಾಗ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇತ್ತೀಚಿನ ಸಾಕ್ಷ್ಯವೂ ಇದೆ: ಮೊರಾಕ್ಕೋದ ಗಾಂಜಾ ಹೊಲಗಳ ಪರಾಗ ಸಮುದ್ರ ದಾಟಿ ದಕ್ಷಿಣ ಸ್ಪೇನಿನ ಗಾಳಿಯಲ್ಲಿ ಸಿಕ್ಕಿರುವುದನ್ನು ಅಲ್ಲಿನ ಸಸ್ಯವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ್ದಾರೆ.

ಕೊಯ್ದ ಹೂತೆನೆಗಳನ್ನು ‘ಚಾತರ್’ ಎಂಬ ಕಣಕ್ಕೆ ತಂದು ಹದಗೊಳಿಸುವುದು ಇನ್ನೊಂದು ಕುಶಲ ಕೆಲಸ. ಬಿಸಿಲಿಗೆ ಹರಡಿ ಬಾಡಿಸಿದ ತೆನೆಗಳನ್ನು ವೃತ್ತಾಕಾರವಾಗಿ ಜೋಡಿಸಿ, ಆಳುಗಳು ಅದರ ಮೇಲೆ ನಿಂತು ಪಾದಗಳಿಂದ ಒತ್ತಿ ತುಳಿದರೆ ರಾಳ ಗಟ್ಟಿಯಾಗಿ ಅಂಟಿಕೊಂಡು ‘ಚಪ್ಟಾ’, ಅಂದರೆ ಚಪ್ಪಟೆ ಗಾಂಜಾ ಆಗುತ್ತಿತ್ತು. ಅಡ್ಡ ಕಟ್ಟಿದ ಬಿದಿರನ್ನು ಕೈಯಲ್ಲಿ ಹಿಡಿದು, ತೆನೆಗಳನ್ನು ಅಂಗಾಲಿನಡಿ ಉರುಳಿಸಿದರೆ ‘ಗೋಲ್’, ಅಂದರೆ ದುಂಡು ಗಾಂಜಾ. ಕಡ್ಡಿಯಿಂದ ಉದುರಿದ ಬಿಡಿ ಚೂರುಗಳಿಗೆ ‘ಚೂರ್’ ಎಂದು ಹೆಸರು. ಅಬಕಾರಿ ಇಲಾಖೆ ಈ ಮೂರಕ್ಕೂ ಬೇರೆ ಬೇರೆ ದರದ ಸುಂಕ ವಿಧಿಸುತ್ತಿತ್ತು. ಕಡ್ಡಿ ಕಡಿಮೆಯಾದಷ್ಟೂ ಸುಂಕ ಹೆಚ್ಚು.

ಇಷ್ಟೆಲ್ಲ ವಿವರ ಇಂದು ದೊರೆಯುವುದು ಮುಖ್ಯವಾಗಿ ಹೇಮಚಂದ್ರ ಕೆರ್ 1877ರಲ್ಲಿ ಬಂಗಾಳ ಸರ್ಕಾರಕ್ಕೆ ಸಲ್ಲಿಸಿದ ವರದಿಯಿಂದ ಮತ್ತು ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಡೇವಿಡ್ ಪ್ರೇನ್ 1893ರಲ್ಲಿ ಬರೆದ ವರದಿಯಿಂದ. ಅದೇ 1893ರಲ್ಲಿ, ಪಾನನಿರೋಧ ಚಳವಳಿಯ ಡಬ್ಲ್ಯು. ಎಸ್. ಕೇನ್ ಬ್ರಿಟಿಷ್ ಸಂಸತ್ತಿನಲ್ಲಿ ಎತ್ತಿದ ಪ್ರಶ್ನೆಯ ಫಲವಾಗಿ ಭಾರತೀಯ ಗಾಂಜಾ ಆಯೋಗ ನೇಮಕವಾಯಿತು. ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯ ಈ ಆಯೋಗ 1,193 ಸಾಕ್ಷಿಗಳ ಹೇಳಿಕೆ ಪಡೆದು, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೆಡುಕಿಲ್ಲ, ಸಂಪೂರ್ಣ ನಿಷೇಧಕ್ಕಿಂತ ಸುಂಕ ಮತ್ತು ನಿಯಂತ್ರಣವೇ ಮೇಲೆಂದು 1894ರಲ್ಲಿ ವರದಿ ಕೊಟ್ಟಿತು. ಈ ತೀರ್ಮಾನದಲ್ಲಿ ಬೊಕ್ಕಸದ ಹಿತವೂ ಅಡಗಿತ್ತೆಂಬ ಅನುಮಾನಕ್ಕೆ ಎಡೆಯಿದೆಯಾದರೂ, ಸಾಕ್ಷ್ಯವನ್ನು ಅಷ್ಟು ವಿಸ್ತಾರವಾಗಿ ಕಲೆಹಾಕಿದ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು.

1917ರಲ್ಲಿ ನೌಗಾಂವ್‌ನ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಂಡು, ದಲ್ಲಾಳಿಗಳ ಹಿಡಿತದಿಂದ ಬಿಡಿಸಿಕೊಂಡು, ಮಾರಾಟದ ಲಾಭದಲ್ಲಿ ಶಾಲೆ, ರಸ್ತೆ, ಚಿಕಿತ್ಸಾಲಯಗಳಿಗೂ ಹಣ ಒದಗಿಸಿದರು. 1947ರ ವಿಭಜನೆಯಲ್ಲಿ ಊರು ಪೂರ್ವ ಪಾಕಿಸ್ತಾನಕ್ಕೆ ಸೇರಿತು. ವೈದ್ಯಕೀಯವಲ್ಲದ ಗಾಂಜಾ ಬಳಕೆಯನ್ನು 25 ವರ್ಷಗಳೊಳಗೆ ನಿಲ್ಲಿಸಬೇಕೆಂಬ 1961ರ ಅಂತರರಾಷ್ಟ್ರೀಯ ಒಡಂಬಡಿಕೆಯ ಗಡುವು ಸಮೀಪಿಸಿದಂತೆ ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆ ಬಂದಿತು, ನೌಗಾಂವ್‌ನ ಬೇಸಾಯ 1987ರಲ್ಲಿ ನಿಂತಿತು. ಬಂಗಾಳದ ಕೃಷಿ ಚರಿತ್ರೆಯಲ್ಲಿ ನೀಲಿ ಮತ್ತು ಸೆಣಬಿನ ಬೆಳೆಗೆ ದೊರೆತ ಪುಟಗಳಲ್ಲಿ ಕಾಲುಪಾಲೂ ಈ ಬೆಳೆಗೆ ದೊರೆತಿಲ್ಲ. ಬೆಳೆಯ ಬಗ್ಗೆ ಯಾವ ನಿಲುವೇ ಇರಲಿ, ಅರಳದ ಮೊಗ್ಗಿನಲ್ಲೇ ಗಂಡು ಹೆಣ್ಣು ಗುರುತಿಸಿ ಗಾಳಿಯ ಕೈ ಕಟ್ಟಿದ ಪೊದ್ದಾರರ ವಿದ್ಯೆಗೆ ಆ ಚರಿತ್ರೆಯಲ್ಲಿ ಸ್ಥಾನ ಸಲ್ಲತಕ್ಕದ್ದು.