ಬಲಿಪೀಠದ ಬಳಿಗೆ ಬಂದ ಭೀತಿ: ಭಯಾನಕ ಕಥನದಲ್ಲಿ ಯಾಜಕ

ಭಯಾನಕ ಕಥನಗಳಲ್ಲಿ ಶಿಲುಬೆಯು ಬಹುಕಾಲ ಆಯುಧವಾಗಿಯೇ ಉಳಿದಿತ್ತು. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ಕಾದಂಬರಿಯಲ್ಲಿ ವ್ಯಾನ್ ಹೆಲ್ಸಿಂಗ್ ಪರಮಪ್ರಸಾದವನ್ನು ಪುಡಿಮಾಡಿ ಸಮಾಧಿಯ ಸಂದುಗಳನ್ನು ಮುಚ್ಚುತ್ತಾನೆ. ಸಂಸ್ಕಾರಗಳ ದೈವಶಾಸ್ತ್ರಕ್ಕೆ ಇದು ಒಪ್ಪತಕ್ಕುದಲ್ಲ. ಆದರೂ ಪವಿತ್ರವಾದುದರ ಶಕ್ತಿಯನ್ನು ಅಲ್ಲಿ ಸಂಶಯಿಸಿಲ್ಲ. 1973ರ ‘ದಿ ಎಕ್ಸಾರ್ಸಿಸ್ಟ್’ ಚಲನಚಿತ್ರದಲ್ಲಿ ಇಬ್ಬರು ಯಾಜಕರು ಪ್ರಾಣ ತೆತ್ತರೂ ಬಾಲಕಿಗೆ ಬಿಡುಗಡೆಯಾಗುತ್ತದೆ.

ಸ್ಟೀಫನ್ ಕಿಂಗನ ‘ಸೇಲಮ್ಸ್ ಲಾಟ್’ (1975) ಈ ಭರವಸೆಯನ್ನು ಅಲುಗಿಸಿತು. ಶಿಲುಬೆಯನ್ನು ಬದಿಗಿಟ್ಟು ಕೇವಲ ವಿಶ್ವಾಸದಿಂದ ತನ್ನೆದುರು ನಿಲ್ಲುವಂತೆ ರಕ್ತಪಿಶಾಚಿಯು ಸವಾಲೆಸೆದಾಗ ಫಾದರ್ ಕ್ಯಾಲಹನ್ ಹಿಂಜರಿಯುತ್ತಾರೆ. ಶಿಲುಬೆಯ ಬೆಳಕು ಆರುತ್ತದೆ. 1979ರಲ್ಲಿ ಈ ಕೃತಿಯು ಅಮೆರಿಕದ ಕಿರುತೆರೆಗೂ ಬಂತು. ಪ್ರಶ್ನೆಯು ಶಿಲುಬೆಯಿಂದ ಅದನ್ನು ಹಿಡಿದ ಕೈಯತ್ತ ಸರಿಯಿತು.

2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಮಿಡ್‌ನೈಟ್ ಮಾಸ್’ ಇನ್ನೂ ಒಳಕ್ಕೆ ಹೋಗುತ್ತದೆ. ಕಥೋಲಿಕರಾಗಿಯೇ ಬೆಳೆದ ಮೈಕ್ ಫ್ಲಾನಗನ್ ಇದರ ನಿರ್ಮಾತೃ. ಏಳು ಕಂತುಗಳಿಗೂ ಪವಿತ್ರಗ್ರಂಥದ ಹೆಸರುಗಳಿವೆ: ಆದಿಕಾಂಡದಿಂದ ಮೊದಲಾಗಿ ಪ್ರಕಟನೆಯಲ್ಲಿ ಮುಗಿಯುತ್ತದೆ. ಮರೆವಿನ ರೋಗದಿಂದ ಬಳಲುತ್ತಿದ್ದ ವೃದ್ಧ ಧರ್ಮಗುರು ಪ್ರೂಯಿಟ್, ಪವಿತ್ರ ನಾಡಿನ ಯಾತ್ರೆಯಲ್ಲಿ ದಾರಿತಪ್ಪಿ ರಕ್ತಪಿಶಾಚಿಗೆ ಸಿಕ್ಕಿ ಯೌವನವನ್ನು ಮರಳಿ ಪಡೆಯುತ್ತಾರೆ. ಅದನ್ನು ದೇವದೂತನೆಂದೇ ನಂಬಿ ತಮ್ಮ ದ್ವೀಪಕ್ಕೆ ತರುತ್ತಾರೆ. ಅದರ ರಕ್ತವನ್ನು ಬಲಿಪೂಜೆಯ ದ್ರಾಕ್ಷಾರಸದಲ್ಲಿ ಬೆರೆಸುತ್ತಾರೆ. ನಡೆಯಲಾರದ ಹುಡುಗಿ ನಡೆಯುತ್ತಾಳೆ. ಖಾಲಿಯಾಗಿದ್ದ ದೇವಾಲಯ ತುಂಬುತ್ತದೆ.

ಇಲ್ಲಿ ಶತ್ರು ಹೊರಗಿನಿಂದ ಬಾಗಿಲು ತಟ್ಟುವುದಿಲ್ಲ. ಬಲಿವಸ್ತ್ರ ಧರಿಸಿ ಬಲಿಪೀಠದ ಬಳಿ ನಿಲ್ಲುತ್ತಾನೆ. ಪ್ರೂಯಿಟ್ ಕಪಟಿಯಲ್ಲ, ತಮ್ಮ ಜನರನ್ನು ನಿಜವಾಗಿ ಪ್ರೀತಿಸುವವರು. ಅವರಲ್ಲಿ ಇಲ್ಲದಿದ್ದುದು ವಿವೇಚನೆ. ಸೈತಾನನು ಬೆಳಕಿನ ದೂತನ ವೇಷ ತಾಳಬಲ್ಲನೆಂದು ಸಂತ ಪೌಲರು ಕೊರಿಂಥದವರನ್ನು ಎಚ್ಚರಿಸಿದ್ದರು. ಅದ್ಭುತವು ಕಣ್ಣೆದುರು ನಡೆದಾಗ ಯಾರೂ ಅದರ ಮೂಲವನ್ನು ಪರಿಶೋಧಿಸಲಿಲ್ಲ. ವಚನಗಳನ್ನು ಬಾಯಿಪಾಠ ಬಲ್ಲ ಬೆವ್ ಕೀನ್, ಅವುಗಳಿಂದಲೇ ಪ್ರತಿಯೊಂದು ಕ್ರೌರ್ಯವನ್ನೂ ಸಮರ್ಥಿಸುತ್ತಾಳೆ. ಪಾಸ್ಖ ಜಾಗರಣೆಯಂದು ಜನರಿಗೆ ವಿಷದ ಲೋಟಗಳನ್ನು ಹಂಚಲಾಗುತ್ತದೆ.

ಇದನ್ನು ಧರ್ಮನಿಂದೆಯೆಂದು ತಳ್ಳಿಹಾಕಬೇಕೆ? ಹಾಗೆ ನಮಗೆ ತೋರುವುದಿಲ್ಲ. ಕ್ರಿಸ್ತನು ಪರರು ಜೀವಿಸಲೆಂದು ತನ್ನ ರಕ್ತವನ್ನು ಸುರಿಸಿದನು. ರಕ್ತಪಿಶಾಚಿಯು ತಾನು ಉಳಿಯಲೆಂದು ಪರರ ರಕ್ತವನ್ನು ಹೀರುತ್ತದೆ. ಸಾಯದಿರುವುದನ್ನೇ ನಿತ್ಯಜೀವವೆಂದು ಭ್ರಮಿಸಿದ ಸಮುದಾಯಕ್ಕೆ ಇವೆರಡರ ಅಂತರ ಕಾಣದಾಯಿತು. ಅದೇ ಕಥೆಯಲ್ಲಿ, ತನ್ನನ್ನು ಗುಂಡಿನಿಂದ ಅಂಗವಿಕಲಳನ್ನಾಗಿಸಿದ ಕುಡುಕನ ಮನೆಗೆ ಆ ಹುಡುಗಿ ತಾನಾಗಿ ಹೋಗಿ, ತನ್ನ ಕೋಪವನ್ನು ಮುಚ್ಚಿಡದೆ ಅವನನ್ನು ಕ್ಷಮಿಸುತ್ತಾಳೆ. ಆಕೆ ನಡೆದುದಕ್ಕಿಂತ ಇದೇ ದೊಡ್ಡ ಅದ್ಭುತ. ಇದರಲ್ಲಿ ಪಿಶಾಚಿಯ ರಕ್ತವು ಹೇಳಿಕೊಟ್ಟದ್ದು ಏನೂ ಇಲ್ಲ.

ಕಡೆಯಲ್ಲಿ ಈ ಧಾರಾವಾಹಿಯು ಪುನರುತ್ಥಾನದ ನಿರೀಕ್ಷೆಯನ್ನು ಬಿಟ್ಟು, ವಿಶ್ವದಲ್ಲಿ ಲೀನವಾಗುವ ಸಾಂತ್ವನವನ್ನು ಆಯ್ದುಕೊಳ್ಳುತ್ತದೆ. ಅದನ್ನು ನಾವು ಒಪ್ಪಲಾರೆವು. ಆದರೆ ಬಲಿಪೀಠದ ಬಳಿ ನಿಲ್ಲುವ ನಾವು ಅದರ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ: ದೇವಾಲಯ ತುಂಬಿದಾಗ, ಅದನ್ನು ತುಂಬಿಸಿದ್ದು ಯಾವ ಆತ್ಮವೆಂದು ನಾವು ಪರೀಕ್ಷಿಸುತ್ತೇವೆಯೆ?