ದರ್ಜಿ: ಪದದ ಅರ್ಥ ಮತ್ತು ಮೂಲ

ಬಟ್ಟೆ ಹೊಲಿಯುವುದನ್ನು ವೃತ್ತಿಯಾಗಿ ಮಾಡುವವರನ್ನು ಕಲಬುರಗಿ ನಗರ ಮತ್ತು ಕಮಲಾಪುರ ಭಾಗದಲ್ಲಿ ದರ್ಜಿ, ಸಿಂಪಿಗ, ಟೈಲರ್ ಎಂಬ ಹೆಸರುಗಳಿಂದ ಕರೆಯಲಾಗುತ್ತದೆ. ಇವುಗಳಲ್ಲಿ ‘ದರ್ಜಿ’ ಎಂಬುದು ವೃತ್ತಿಯ ಹೆಸರೂ ಹೌದು, ಸರ್ಕಾರದ ಪಟ್ಟಿಯಲ್ಲಿ ನಮೂದಾಗಿರುವ ಜಾತಿಯ ಹೆಸರೂ ಹೌದು. ಅರ್ಜಿ ನಮೂನೆಗಳಲ್ಲಿ ‘ವೃತ್ತಿ’ ಮತ್ತು ‘ಜಾತಿ’ ಎಂಬ ಅಂಕಣಗಳು ಪ್ರತ್ಯೇಕವಾಗಿರುವುದರಿಂದ ಈ ವ್ಯತ್ಯಾಸವನ್ನು ಅರ್ಜಿದಾರರು ತಿಳಿದಿರುವುದು ಅವಶ್ಯಕ.

ಪದದ ಮೂಲ

ಪಾರಸಿ ಭಾಷೆಯಲ್ಲಿ ‘ದರ್ಜ್’ ಎಂದರೆ ಬಟ್ಟೆಯ ಎರಡು ಅಂಚುಗಳನ್ನು ಕೂಡಿಸುವ ಹೊಲಿಗೆ. ಅದನ್ನು ಹಾಕುವವನು ‘ದರ್ಜಿ’. ತರಗತಿ ಅಥವಾ ಶ್ರೇಣಿ ಎಂಬ ಅರ್ಥದ ‘ದರ್ಜೆ’ ಪದವು ಅರಬ್ಬಿ ಮೂಲದ್ದಾಗಿದ್ದು, ಇದಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ.

1347ರಲ್ಲಿ ಸ್ಥಾಪನೆಗೊಂಡ ಬಹಮನಿ ರಾಜ್ಯದ ಆರಂಭಕಾಲದಲ್ಲಿ ಕಲಬುರಗಿಯು ರಾಜಧಾನಿಯಾಗಿದ್ದು, ಆಸ್ಥಾನದಲ್ಲಿ ಪಾರಸಿ ಭಾಷೆ ಬಳಕೆಯಲ್ಲಿತ್ತು. ಮುಂದೆ ಈ ಪ್ರದೇಶವು 1948ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದು, ಕೊನೆಯ ದಶಕಗಳಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. ಹೀಗಾಗಿ ದರ್ಜಿ ಎಂಬ ಪದದ ಜೊತೆಗೆ ಅಸ್ತರ, ಜೇಬು, ರುಮಾಲು ಮುಂತಾದ ಉಡುಪಿನ ಪದಗಳೂ ಜನರ ಮಾತಿನಲ್ಲಿ ನೆಲೆಗೊಂಡಿವೆ.

ಇತರ ಹೆಸರುಗಳು

ಪಾರಸಿ ಪದವು ಬರುವ ಮೊದಲೂ ಈ ವೃತ್ತಿ ಇಲ್ಲಿ ಇದ್ದಿತು. ಸಂಸ್ಕೃತದ ಅಮರಕೋಶದಲ್ಲಿ ಹೊಲಿಗೆಯವನಿಗೆ ತುನ್ನವಾಯ, ಸೌಚಿಕ ಎಂಬ ಹೆಸರುಗಳಿವೆ. ಸೌಚಿಕ ಎಂಬುದು ಸೂಜಿಯ ‘ಸೂಚಿ’ ಎಂಬ ಮೂಲರೂಪದಿಂದ ಬಂದಿದೆ. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರು ಇದೇ ಕಾಯಕದವರು. ಕನ್ನಡದ ಚಿಪ್ಪಿಗ, ಸಿಂಪಿಗ ಹಾಗೂ ಮರಾಠಿಯ ಶಿಂಪಿ ಪದಗಳನ್ನು ‘ಶಿಲ್ಪಿ’ ಪದದ ತದ್ಭವಗಳೆಂದು ವಿವರಿಸಲಾಗುತ್ತದೆ. ಸಂತ ನಾಮದೇವರು ಶಿಂಪಿ ಕುಟುಂಬದವರೆಂಬುದು ಪರಂಪರೆಯ ನಂಬಿಕೆ. ‘ಟೈಲರ್’ ಪದವು ಕತ್ತರಿಸುವವನು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದಿದೆ. ಒಂದೇ ವೃತ್ತಿಯನ್ನು ಒಂದು ಹೆಸರು ಸೂಜಿಯಿಂದ, ಇನ್ನೊಂದು ಹೊಲಿಗೆಯಿಂದ, ಮತ್ತೊಂದು ಕತ್ತರಿಯಿಂದ ಗುರುತಿಸಿದೆ.

ವೃತ್ತಿ ಮತ್ತು ಜಾತಿ

ರಾಜ್ಯ ಸರ್ಕಾರದ ದಿನಾಂಕ 30-3-2002ರ ಆದೇಶದಂತೆ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದರ್ಜಿ, ಚಿಪ್ಪಿಗ, ಸಿಂಪಿ, ಶಿಂಪಿ, ಭಾವಸಾರ ಕ್ಷತ್ರಿಯ ಮುಂತಾದ ಹೆಸರುಗಳು ಪ್ರವರ್ಗ 2ಎ ಅಡಿಯಲ್ಲಿವೆ. ಜಾತಿಯು ಹುಟ್ಟಿನಿಂದ ನಿರ್ಧಾರವಾಗುವುದೇ ಹೊರತು ಮಾಡುವ ಕೆಲಸದಿಂದಲ್ಲ. ಬೇರೆ ಸಮುದಾಯದವರು ಹೊಲಿಗೆ ಅಂಗಡಿ ನಡೆಸಿದ ಮಾತ್ರಕ್ಕೆ ಜಾತಿ ಅಂಕಣದಲ್ಲಿ ‘ದರ್ಜಿ’ ಎಂದು ಬರೆಯುವಂತಿಲ್ಲ. ಅದೇ ರೀತಿ, ಸಮುದಾಯದವರು ಹೊಲಿಗೆಯನ್ನು ಬಿಟ್ಟು ಬೇರೆ ಉದ್ಯೋಗದಲ್ಲಿದ್ದರೂ ಅವರ ಜಾತಿ ಬದಲಾಗುವುದಿಲ್ಲ. ಸುಳ್ಳು ಮಾಹಿತಿ ನೀಡಿ ಜಾತಿ ಪ್ರಮಾಣ ಪತ್ರ ಪಡೆಯುವುದು ಶಿಕ್ಷಾರ್ಹ.

ಇದಕ್ಕೆ ವ್ಯತಿರಿಕ್ತವಾಗಿ, ವೃತ್ತಿ ಆಧಾರಿತ ಯೋಜನೆಗಳಲ್ಲಿ ಕಸುಬನ್ನು ಪರಿಗಣಿಸಲಾಗುತ್ತದೆ. ದಿನಾಂಕ 17-9-2023ರಂದು ಆರಂಭವಾದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ದರ್ಜಿ ವೃತ್ತಿಯೂ ಒಂದು. ಇಲ್ಲಿ ಯಾವ ಜಾತಿಯವರಾದರೂ ‘ದರ್ಜಿ’ ಎಂಬುದು ವೃತ್ತಿಯ ಹೆಸರೇ ಆಗಿರುತ್ತದೆ.

ಅರ್ಜಿದಾರರ ಗಮನಕ್ಕೆ

ಒಂದೇ ಕುಟುಂಬದಲ್ಲಿ ಅಜ್ಜನ ಉರ್ದು ದಾಖಲೆಯಲ್ಲಿ ‘ದರ್ಜಿ’ ಎಂದೂ ಮೊಮ್ಮಗನ ಶಾಲಾ ದಾಖಲೆಯಲ್ಲಿ ‘ಸಿಂಪಿ’ ಎಂದೂ ಇರಬಹುದು. ಹಳೆಯ ದಾಖಲೆಯಲ್ಲಿನ ‘ದರ್ಜಿ’ ಎಂಬುದು ಕೇವಲ ಕಸುಬಿನ ಉಲ್ಲೇಖವೂ ಆಗಿರಬಹುದು. ಆದ್ದರಿಂದ ಜಾತಿ ಪ್ರಮಾಣ ಪತ್ರಕ್ಕೆ ಅರ್ಜಿ ಸಲ್ಲಿಸುವ ಮುನ್ನ ತಂದೆಯವರ ಹಾಗೂ ತಮ್ಮ ಶಾಲಾ ದಾಖಲೆಗಳನ್ನು ಹೋಲಿಸಿ ನೋಡುವುದು ಸೂಕ್ತ. ಹೆಸರಿನಲ್ಲಿ ವ್ಯತ್ಯಾಸವಿದ್ದಲ್ಲಿ ಅದನ್ನು ಮರೆಮಾಚದೆ, ಎಲ್ಲ ದಾಖಲೆಗಳನ್ನೂ ಪರಿಶೀಲನೆಗೆ ಒದಗಿಸತಕ್ಕದ್ದು. ಅರ್ಜಿಯನ್ನು ತಮ್ಮ ಹೋಬಳಿಯ ನಾಡಕಚೇರಿಯಲ್ಲಿ ಸಲ್ಲಿಸಬಹುದು. ಕಮಲಾಪುರವು ಈಗ ಪ್ರತ್ಯೇಕ ತಾಲ್ಲೂಕಾಗಿರುವುದರಿಂದ ಅಲ್ಲಿನ ನಿವಾಸಿಗಳಿಗೆ ಕಮಲಾಪುರ ತಹಶೀಲ್ದಾರರೇ ಪ್ರಮಾಣ ಪತ್ರ ನೀಡುವ ಅಧಿಕಾರಿಯಾಗಿರುತ್ತಾರೆ.