ಬೂದಿಯ ಪಾಲು

ಸತ್ತವನ ದೇಹವೂ ಆಳುವವರಿಗೆ ಎದುರಾಗಿ ನಿಲ್ಲಬಲ್ಲದು ಎಂಬುದು ಬ್ರಿಟಿಷ್ ಸರ್ಕಾರಕ್ಕೆ ಮನವರಿಕೆಯಾದದ್ದು 1908ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಅಲೀಪುರ ಬಾಂಬ್ ಮೊಕದ್ದಮೆಯ ಮಾಫಿಸಾಕ್ಷಿಯನ್ನು ಜೈಲಿನೊಳಗೇ ಗುಂಡಿಟ್ಟು ಕೊಂದ ಕನೈಲಾಲ್ ದತ್ತನನ್ನು ಗಲ್ಲಿಗೇರಿಸಿದ ಮೇಲೆ ಅಧಿಕಾರಿಗಳು ಶವವನ್ನು ಮನೆಯವರಿಗೆ ಒಪ್ಪಿಸಿದರು. ಕಾಳಿಘಾಟಿನ ಸ್ಮಶಾನದಲ್ಲಿ ಸಾವಿರಾರು ಜನ ನೆರೆದರು. ಚಿತೆ ಆರಿದ ಬಳಿಕ ಬೂದಿಗಾಗಿ ಮುಗಿಬಿದ್ದರು. ಅದೇ ಕೊಲೆಗಾಗಿ ಕೆಲವೇ ದಿನಗಳಲ್ಲಿ ಸತ್ಯೇಂದ್ರನಾಥ ಬೋಸರನ್ನು ಗಲ್ಲಿಗೇರಿಸಿದಾಗ ಶವ ಹೊರಗೆ ಬರಲಿಲ್ಲ. ದಹನ ಜೈಲಿನ ಗೋಡೆಗಳ ನಡುವೆಯೇ ಮುಗಿಯಿತು.

ಈ ಭಯ ಮುಂದೆಯೂ ಉಳಿಯಿತು, ಅದಕ್ಕೆ ಕಾರಣವೂ ಇತ್ತು. 1929ರ ಸೆಪ್ಟೆಂಬರ್ 13ರಂದು, 63 ದಿನಗಳ ಉಪವಾಸದ ಕೊನೆಗೆ, ಜತೀಂದ್ರನಾಥ ದಾಸ್ ಲಾಹೋರ್ ಜೈಲಿನಲ್ಲಿ ಸತ್ತರು. ಅವರ ದೇಹವನ್ನು ರೈಲಿನಲ್ಲಿ ಕಲ್ಕತ್ತೆಗೆ ತಂದಾಗ ದಾರಿಯ ನಿಲ್ದಾಣಗಳಲ್ಲೆಲ್ಲ ಜನ ಹೂವು ಹಿಡಿದು ಕಾದಿದ್ದರು. ಒಂದೂವರೆ ವರ್ಷದ ನಂತರ, 1931ರ ಮಾರ್ಚ್ 23ರ ಸಂಜೆ, ಅದೇ ಲಾಹೋರಿನಲ್ಲಿ ಭಗತ್ ಸಿಂಗ್, ರಾಜಗುರು, ಸುಖದೇವ್ ಅವರನ್ನು ಗಲ್ಲಿಗೇರಿಸಿದ ಸರ್ಕಾರ ಆ ತಪ್ಪು ಮತ್ತೆ ಮಾಡಲಿಲ್ಲ. ರಾತ್ರೋರಾತ್ರಿ ಶವಗಳನ್ನು ಸಾಗಿಸಿ ಸಟ್ಲೆಜ್ ದಂಡೆಯ ಹುಸೇನಿವಾಲಾ ಬಳಿ ಸುಟ್ಟುಹಾಕಿತು.

ಸ್ವತಂತ್ರ ಭಾರತ ಹೆದರುವ ಬದಲು ಶೋಕವನ್ನು ತಾನೇ ನಡೆಸಲು ಮುಂದಾಯಿತು. ಅದರ ಮಾದರಿ ಸಿದ್ಧವಾದದ್ದು 1948ರ ಜನವರಿ 30 ಮತ್ತು ಫೆಬ್ರುವರಿ 12ರ ನಡುವಿನ ಎರಡು ವಾರಗಳಲ್ಲಿ. ಗಾಂಧೀಜಿಯ ಅಂತ್ಯಯಾತ್ರೆಯ ಹೊಣೆ ಹೊತ್ತದ್ದು ಸೈನ್ಯ. ಶವವಿಟ್ಟ ಸೇನಾ ವಾಹನವನ್ನು ಮೂರೂ ಪಡೆಗಳ ಸುಮಾರು 200 ಮಂದಿ ಹಗ್ಗ ಹಿಡಿದು ಎಳೆದರು. ಅಹಿಂಸೆಯನ್ನು ಬೋಧಿಸಿದವರಿಗೆ ಫಿರಂಗಿ ಗೌರವವೇ ಎಂದು ಆಗಲೇ ಕೇಳಿದವರಿದ್ದರು. ದೇಹಕ್ಕೆ ಔಷಧಿ ಹಚ್ಚಿ ಕೆಲವು ದಿನ ದರ್ಶನಕ್ಕಿಡುವ ಸಲಹೆಯನ್ನು ಮಾತ್ರ, ಅದು ಬಾಪು ಅವರ ಇಚ್ಛೆಗೆ ವಿರುದ್ಧವೆಂದು ಪ್ಯಾರೇಲಾಲ್ ತಿಳಿಸಿದ್ದರಿಂದ, ಕೈಬಿಡಲಾಯಿತು.

ದೇಹವನ್ನು ಮರುದಿನವೇ ದಹಿಸಿದ್ದರಿಂದ ಉಳಿದದ್ದು ಬೂದಿ, ಮತ್ತು ಬೂದಿಗೆ ದೇಹಕ್ಕಿಲ್ಲದ ಒಂದು ಗುಣವಿದೆ: ಅದನ್ನು ಪಾಲು ಮಾಡಬಹುದು. ಸತ್ತವರ ಮನೆಯವರು ಅಸ್ಥಿಯನ್ನು ಒಂದು ಹೊಳೆಗೆ ಬಿಟ್ಟು ಸೂತಕ ಕಳೆದುಕೊಳ್ಳುವುದು ಹಿಂದೂ ಮನೆಗಳ ವಾಡಿಕೆ. ಅವಶೇಷವನ್ನು ಹಂಚಿಕೊಂಡು ಊರೂರಿಗೆ ಒಯ್ಯುವುದು ಹೆಚ್ಚಾಗಿ ಬೌದ್ಧರ ಪರಂಪರೆ. ಬುದ್ಧನ ಅಸ್ಥಿಗಾಗಿ ಜಗಳಕ್ಕೆ ನಿಂತ ಅರಸರಿಗೆ ದ್ರೋಣನೆಂಬ ಬ್ರಾಹ್ಮಣ ಎಂಟು ಪಾಲು ಮಾಡಿಕೊಟ್ಟನೆಂದು ಪಾಲಿ ಗ್ರಂಥ ಹೇಳುತ್ತದೆ. 1948ರಲ್ಲಿ ಎರಡೂ ಕೂಡಿಕೊಂಡವು. ಮುಖ್ಯ ಕಲಶ ಮೂರನೇ ದರ್ಜೆಯ ಬೋಗಿಗಳ ವಿಶೇಷ ರೈಲಿನಲ್ಲಿ ಅಲಹಾಬಾದಿಗೆ ಹೋಯಿತು. ಉಳಿದ ಕಲಶಗಳು ಪ್ರಾಂತ್ಯಗಳಿಗೂ ಸಂಸ್ಥಾನಗಳಿಗೂ ಹೋದವು. ಹೀಗೆ ದೇಶದ ಹಲವು ನದಿಗಳು ಒಂದೇ ಸಾವಿನ ಕ್ರಿಯೆಗೆ ಘಟ್ಟಗಳಾದವು. ಮೈಸೂರು ಸೀಮೆಯ ಪಾಲು ಸೇರಿದ್ದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ. ಪೂರ್ವಕ್ಕೆ ಹರಿಯಬೇಕಾದ ಕಾವೇರಿ ಪಶ್ಚಿಮಕ್ಕೆ ತಿರುಗುವ ಈ ಜಾಗ ಆ ಭಾಗದ ಜನ ಅಸ್ಥಿ ಬಿಡಲು ಬರುವ ಹಳೆಯ ಘಟ್ಟ. ಗಾಂಧಿ ಸ್ಮಾರಕ ಈಗಲೂ ಅಲ್ಲಿದೆ.

ಈ ಹಂಚಿಕೆಯಲ್ಲಿ ರಾಜಕಾರಣವಿತ್ತು. ಆದರೆ ಅದು ಬರಿಯ ತೋರಿಕೆಯಾಗಿರಲಿಲ್ಲ. ವಿಭಜನೆಯ ಹಿಂಸೆ ಇನ್ನೂ ಹಸಿಯಾಗಿತ್ತು, ದಿಲ್ಲಿ ನಿರಾಶ್ರಿತರಿಂದ ತುಂಬಿತ್ತು. ಸೂತಕದ ದಿನಗಳಲ್ಲೇ, ಫೆಬ್ರುವರಿ 4ರಂದು, ರಾಷ್ಟ್ರೀಯ ಸ್ವಯಂಸೇವಕ ಸಂಘದ ಮೇಲೆ ನಿಷೇಧ ಬಿತ್ತು. ಅದು ತೆರವಾದದ್ದು 1949ರ ಜುಲೈಯಲ್ಲಿ. ಒಟ್ಟಿಗೆ ಅತ್ತ ಜನ ಸ್ವಲ್ಪ ಕಾಲವಾದರೂ ಕತ್ತಿ ಕೆಳಗಿಟ್ಟರೆಂದು, ನೆಹರೂ ಸರ್ಕಾರದ ಬೇರು ಆ ವಾರಗಳಲ್ಲೇ ಗಟ್ಟಿಯಾಯಿತೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಎಲ್ಲ ಕಡೆಯೂ ಹಾಗಾಗಲಿಲ್ಲ. ಗಾಂಧೀಜಿಯನ್ನು ಕೊಂದ ಗೋಡ್ಸೆ ಚಿತ್ಪಾವನ ಬ್ರಾಹ್ಮಣನೆಂಬ ಕಾರಣಕ್ಕೆ ಸಾತಾರಾ, ಸಾಂಗ್ಲಿ, ಕೊಲ್ಹಾಪುರದ ಕಡೆ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಅದೇ ದುಃಖ ಒಂದು ಕಡೆ ಜನರನ್ನು ಕೂಡಿಸಿದರೆ ಇನ್ನೊಂದು ಕಡೆ ಹಗೆಗೆ ನೆಪವಾಯಿತು.

ಹಂಚಿದ ಬೂದಿಯ ಲೆಕ್ಕ ಮುಗಿಯಲು ದಶಕಗಳೇ ಹಿಡಿದವು. ಕಟಕ್‌ನ ಬ್ಯಾಂಕೊಂದರ ಲಾಕರಿನಲ್ಲಿ ಉಳಿದುಹೋಗಿದ್ದ ಒಂದು ಪಾಲು, ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ, 1997ರ ಜನವರಿ 30ರಂದು ಅಲಹಾಬಾದಿನ ಸಂಗಮ ಸೇರಿತು. ಇನ್ನೊಂದು 2008ರಲ್ಲಿ ಮುಂಬಯಿಯ ಕಡಲಿಗೆ ಬಿತ್ತು. ಕೊಂದವನ ಬೂದಿ ಮಾತ್ರ ಪುಣೆಯಲ್ಲಿ ಕಾಯುತ್ತಿದೆ: ಸಿಂಧೂ ನದಿ ಮತ್ತೆ ಅಖಂಡ ಭಾರತದಲ್ಲಿ ಹರಿಯುವವರೆಗೆ ಅದನ್ನು ಬಿಡಬಾರದೆಂದು ಗೋಡ್ಸೆ ಹೇಳಿಟ್ಟಿದ್ದ.

ನೆಹರೂ ತಮ್ಮ ಸಾವಿಗೆ ಮೊದಲೇ ವ್ಯವಸ್ಥೆ ಮಾಡಿಟ್ಟಿದ್ದರು. 1954ರ ಜೂನ್ 21ರ ಉಯಿಲಿನಲ್ಲಿ, ತಮಗೆ ಯಾವ ಧಾರ್ಮಿಕ ಕ್ರಿಯೆಯೂ ಬೇಡವೆಂದು ಅವರು ಬರೆದರು. ಒಂದು ಹಿಡಿ ಬೂದಿ ಗಂಗೆಗೆ, ಅದೂ ಧರ್ಮದ ಕಾರಣಕ್ಕಲ್ಲ. ಉಳಿದದ್ದನ್ನು ರೈತರು ದುಡಿಯುವ ಹೊಲಗಳ ಮೇಲೆ ವಿಮಾನದಿಂದ ಚೆಲ್ಲಬೇಕು. 1964ರ ಮೇ 28ರಂದು ಮಂತ್ರ ಹೇಳುವ ಪುರೋಹಿತರ ನಡುವೆ ಮೊಮ್ಮಗ ಸಂಜಯ್ ಚಿತೆಗೆ ಬೆಂಕಿಯಿಟ್ಟರು. ಬೂದಿಯ ವಿಷಯದಲ್ಲಿ ಉಯಿಲು ನಡೆಯಿತು, ಚಿತೆಯ ವಿಷಯದಲ್ಲಿ ನಡೆಯಲಿಲ್ಲ. ಇದನ್ನು ಕುಟುಂಬದ ಕಪಟವೆಂದು ತಳ್ಳಿಹಾಕುವುದು ಸುಲಭ, ಆದರೆ ತೊಡಕು ಬೇರೆಯದು. ಧ್ವಜ ಇಳಿಸುವುದು, ರಜೆ ಕೊಡುವುದು, ಬಂದೂಕು ತಲೆಕೆಳಗಾಗಿ ಹಿಡಿಯುವುದು ಸರ್ಕಾರಕ್ಕೆ ಗೊತ್ತು. ಹೆಣದ ಮುಂದೆ ನಿಂತ ಮಗಳಿಗೆ ಏನು ಮಾಡಬೇಕೆಂದು ಹೇಳಿಕೊಡುವ ವಿಧಿ ಧರ್ಮದ ಬಳಿ ಮಾತ್ರ ಇತ್ತು.

ಅದೇ ಮಗಳ ಸಾವಿನಲ್ಲಿ ಶೋಕ ಕೊಲೆಗೆ ತಿರುಗಿತು. 1984ರ ಅಕ್ಟೋಬರ್ 31ರ ನಂತರ ಇಂದಿರಾ ಗಾಂಧಿಯವರ ದೇಹವನ್ನು ತೀನ್‌ಮೂರ್ತಿ ಭವನದಲ್ಲಿ ಇಟ್ಟಿದ್ದಾಗ, ರಕ್ತಕ್ಕೆ ರಕ್ತ ಬೇಕೆಂಬ ಘೋಷಣೆ ದೂರದರ್ಶನದ ಮೂಲಕ ಮನೆಮನೆಗೂ ಕೇಳಿಸಿತು. ನವೆಂಬರ್ 3ರಂದು ದಹನ ನಡೆಯುವ ಹೊತ್ತಿಗೆ ತ್ರಿಲೋಕಪುರಿಯಂಥ ಕಾಲೊನಿಗಳಲ್ಲಿ ಸಿಖ್ಖರನ್ನು ಜೀವಂತ ಸುಟ್ಟಾಗಿತ್ತು. ದಿಲ್ಲಿಯೊಂದರಲ್ಲೇ ಸತ್ತವರು 2,733 ಎಂದು ಸರ್ಕಾರದ ಲೆಕ್ಕ. ಅವರಲ್ಲಿ ಎಷ್ಟೋ ಮಂದಿಗೆ ಮನೆಯವರ ಕೈಯಿಂದ ಸಂಸ್ಕಾರ ಸಿಗಲಿಲ್ಲ. ಇಂದಿರಾ ಅವರ ಬೂದಿಯನ್ನು ಮಗ ಹಿಮಾಲಯದ ಮೇಲೆ ಚೆಲ್ಲಿದರು. ಡಿಸೆಂಬರಿನ ಚುನಾವಣೆಯಲ್ಲಿ ಕಾಂಗ್ರೆಸ್ 404 ಸ್ಥಾನ ಗೆದ್ದಿತು. ಸಿಖ್ಖರ ಸಾವಿಗಾಗಿ ಪ್ರಧಾನಿಯೊಬ್ಬರು ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2005ರಲ್ಲಿ. ದಿಲ್ಲಿಯ ರಕಾಬ್‌ಗಂಜ್ ಗುರುದ್ವಾರದ ಆವರಣದಲ್ಲಿ ಅವರಿಗೊಂದು ಸ್ಮಾರಕ ಗೋಡೆ ಎದ್ದದ್ದು 2017ರಲ್ಲಿ, ಅದನ್ನು ಕಟ್ಟಿದ್ದೂ ಸರ್ಕಾರವಲ್ಲ.

ಕಲಶದ ಶಕ್ತಿ ಸರ್ಕಾರದ ಸೊತ್ತಾಗಿಯೂ ಉಳಿಯಲಿಲ್ಲ. 1990ರಲ್ಲಿ ಅಯೋಧ್ಯೆಯಲ್ಲಿ ಪೊಲೀಸರ ಗುಂಡಿಗೆ ಸತ್ತ ಕರಸೇವಕರ ಅಸ್ಥಿಯನ್ನು ವಿಶ್ವ ಹಿಂದೂ ಪರಿಷತ್ತು ಕಲಶಗಳಲ್ಲಿಟ್ಟು ಊರೂರಿಗೆ ಮೆರವಣಿಗೆ ಮಾಡಿತು. 1948ರಲ್ಲಿ ಮತೀಯ ದ್ವೇಷವನ್ನು ತಣಿಸಲು ಹುಟ್ಟಿದ ಕ್ರಮವೇ ನಾಲ್ಕು ದಶಕಗಳಲ್ಲಿ ಹೀಗೆ ದಿಕ್ಕು ಬದಲಿಸಿತು. 2018ರ ಆಗಸ್ಟಿನಲ್ಲಿ ವಾಜಪೇಯಿ ತೀರಿಕೊಂಡಾಗ ಅವರ ಪಕ್ಷದ ರಾಜ್ಯ ಅಧ್ಯಕ್ಷರಿಗೆ ಕಲಶಗಳನ್ನು ಹಂಚಲಾಯಿತು.

ಇದಕ್ಕೆ ಹೊರತಾದ ದಾರಿಗಳೂ ಇದ್ದವು. 1956ರ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ನಿಧನರಾದ ಅಂಬೇಡ್ಕರ್ ಅವರ ದಹನ ಮರುದಿನ ಮುಂಬಯಿಯ ದಾದರ್ ಕಡಲತಡಿಯಲ್ಲಿ ಬೌದ್ಧ ವಿಧಿಯಂತೆ ನಡೆಯಿತು. ನಾಗಪುರದ ದೀಕ್ಷೆಗೆ ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಚಿತೆಯ ಎದುರೇ ಅಪಾರ ಸಂಖ್ಯೆಯ ಜನ ಬೌದ್ಧ ದೀಕ್ಷೆ ಪಡೆದರು. ಇಂದು ಚೈತ್ಯಭೂಮಿಯೆನಿಸಿದ ಆ ಜಾಗಕ್ಕೆ ಪ್ರತಿ ಡಿಸೆಂಬರ್ 6ರಂದು ಬರುವ ಲಕ್ಷಾಂತರ ಜನ ಪುಸ್ತಕದ ಮಳಿಗೆಗಳ ಮುಂದೆಯೂ ಸಾಲುಗಟ್ಟುತ್ತಾರೆ. ಪುಸ್ತಕ ಕೊಂಡು ಮನೆಗೆ ಮರಳುವ ತಿಥಿ ಇನ್ನೆಲ್ಲೂ ಕಾಣಸಿಗುವುದು ಕಷ್ಟ.

ದ್ರಾವಿಡ ಚಳವಳಿ ಮಣ್ಣನ್ನು ಆರಿಸಿಕೊಂಡಿತು. 1969ರಲ್ಲಿ ಅಣ್ಣಾದೊರೈ ಅವರನ್ನು ಮದರಾಸಿನ ಮರೀನಾದಲ್ಲಿ ಹೂಳಿದಾಗ ಸೇರಿದ ಜನಸ್ತೋಮ ಗಿನ್ನೆಸ್ ದಾಖಲೆಗೆ ಹೋಯಿತು. ತಮಿಳುನಾಡಿನ ಬಹಳಷ್ಟು ಬ್ರಾಹ್ಮಣೇತರ ಸಮುದಾಯಗಳಲ್ಲಿ ಹೂಳುವುದೇ ರೂಢಿ. ಅದರಲ್ಲಿ ಪುರೋಹಿತರ ಕೆಲಸ ಕಡಿಮೆ, ಸಮಾಧಿಯಂತೂ ಕಣ್ಣ ಮುಂದೆ ಉಳಿಯುತ್ತದೆ. ಆದರೆ ಸಮಾಧಿಯನ್ನು ಪಾಲು ಮಾಡಲಾಗದು. ಹಾಗಾಗಿ ಜಗಳ ಜಾಗಕ್ಕಾಗಿ ಹುಟ್ಟಿತು. 1987ರಲ್ಲಿ ಎಂಜಿಆರ್ ಶವದ ಪಕ್ಕ ಎರಡು ದಿನ ನಿಂತಿದ್ದ ಜಯಲಲಿತಾ ಅವರನ್ನು ಅಂತ್ಯಯಾತ್ರೆಯ ವಾಹನದಿಂದ ಕೆಳಕ್ಕೆ ತಳ್ಳಲಾಯಿತು. ವಾರಸುದಾರಿಕೆ ಹೆಣದ ಹತ್ತಿರ ನಿಂತವರದು ಎಂಬುದು ಅವರಿಗೂ ತಳ್ಳಿದವರಿಗೂ ತಿಳಿದಿತ್ತು. 2018ರ ಆಗಸ್ಟ್ 7ರಂದು ಕರುಣಾನಿಧಿ ತೀರಿಕೊಂಡಾಗ ಸರ್ಕಾರ ಮರೀನಾದಲ್ಲಿ ಜಾಗ ಕೊಡಲಿಲ್ಲ. ಹೈಕೋರ್ಟು ರಾತ್ರಿ ವಿಚಾರಣೆಗೆ ಕುಳಿತು ಮರುದಿನ ಬೆಳಿಗ್ಗೆ ಅನುಮತಿ ನೀಡಿತು.

ಅದಕ್ಕೂ ಮೊದಲು, 2016ರ ಡಿಸೆಂಬರ್ 6ರಂದು, ಜಯಲಲಿತಾ ಅವರನ್ನು ಎಂಜಿಆರ್ ಪಕ್ಕದಲ್ಲೇ ಶ್ರೀಗಂಧದ ಪೆಟ್ಟಿಗೆಯಲ್ಲಿ ಹೂಳಲಾಗಿತ್ತು. ಹುಟ್ಟಿನಿಂದ ಅವರು ಅಯ್ಯಂಗಾರ್. ಜನಿಸಿದ್ದು ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ. ಪಕ್ಷದ ಪಾಲಿಗೆ ಅವರು ಎಂಜಿಆರ್ ವಾರಸುದಾರರಾದರೆ, ಕೆಲವು ನೆಂಟರ ಪಾಲಿಗೆ ದಹನವಾಗದ ದೇಹ. ಕೆಲವೇ ದಿನಗಳಲ್ಲಿ ಆ ನೆಂಟರು ಶ್ರೀರಂಗಪಟ್ಟಣಕ್ಕೆ ಬಂದು, ಗಾಂಧೀಜಿಯ ಬೂದಿ ಕರಗಿದ ಕಾವೇರಿಯ ದಂಡೆಯಲ್ಲಿ, ದೇಹದ ಬದಲು ಒಂದು ಬೊಂಬೆಯನ್ನಿಟ್ಟು ಸಂಸ್ಕಾರ ಮಾಡಿದರು.